ಕರಿ ಸೀಸೆ, ಕೆಂಪು ಬೂಚು: ನಿಂತುಹೋದ ಸೆಂಟಿನ ಹಿಂದೆ ಒಂದು ವರ್ಷ

ಮೊನ್ನೆ ಎಳ್ಳ ಅಮಾವಾಸ್ಯೆಗೆ ಈ ಕೆಲಸ ಮುಗಿಯಿತು. ಶುರುವಾದದ್ದೂ ಎಳ್ಳ ಅಮಾವಾಸ್ಯೆಗೇ, ಹೋದ ವರ್ಷದ್ದು. ನಡುವೆ ಹನ್ನೆರಡು ತಿಂಗಳು ಹೋಯ್ತು, 25,500 ರೂಪಾಯಿ ಹೋಯ್ತು, ಒಂದು ಸಲ ಮೋಸವೂ ಆಯ್ತು. ತಯಾರಿಕೆ ನಿಂತುಹೋದ ಹಳೇ ಗುಲಾಬಿ ಸೆಂಟು ಹುಡುಕಲು ನಿಮ್ಮಲ್ಲಿ ಯಾರಾದರೂ ಹೊರಟಿದ್ದರೆ, ನಾನು ಬಿದ್ದ ಗುಂಡಿಯಲ್ಲಿ ನೀವೂ ಬೀಳಬೇಡಿ ಅಂತ ಇದನ್ನು ಬರೆಯುತ್ತಿದ್ದೇನೆ.

ನಮ್ಮ ದೊಡ್ಡವ್ವ ಕುವೈತ್‌ನಲ್ಲಿ ನರ್ಸ್ ಆಗಿದ್ದಳು. 1990ರ ಆಗಸ್ಟ್‌ನಲ್ಲಿ ಇರಾಕ್ ಸೈನ್ಯ ಒಳಗೆ ನುಗ್ಗಿದಾಗ ಅಲ್ಲಿಂದ ಜೋರ್ಡಾನಿನ ಅಮ್ಮಾನ್‌ಗೆ ಬಂದು, ಅಲ್ಲಿಂದ ಏರ್ ಇಂಡಿಯಾ ವಿಮಾನದಲ್ಲಿ ವಾಪಸ್ ಬಂದ ಸುಮಾರು 1.7 ಲಕ್ಷ ಭಾರತೀಯರಲ್ಲಿ ಅವಳೂ ಒಬ್ಬಳು. ಪಾತ್ರೆ, ಟೀವಿ, ಹೊಲಿಗೆ ಮಷಿನ್ ಎಲ್ಲಾ ಅಲ್ಲೇ ಬಿಟ್ಟು ಬಂದಳು. ಕೈಚೀಲದಲ್ಲಿ ಬಂದದ್ದು ಪಾಸ್‌ಪೋರ್ಟು, ಎರಡು ಬಳೆ, ಒಂದು ಸಣ್ಣ ಕರಿ ಸೀಸೆ. ಅವಳು ನೋಡಿಕೊಂಡಿದ್ದ ಒಬ್ಬ ಮುದುಕಿಯ ಮಗಳು ಖುಷಿಗೆ ಕೊಟ್ಟಿದ್ದ ಸೆಂಟು ಅದು. ಆಗ ನನಗೆ ಹತ್ತು ವರ್ಷ. ಕಲಬುರಗಿಯ ಮನೆಯಲ್ಲಿ ಅವಳ ಟ್ರಂಕು ತೆಗೆದಾಗಲೆಲ್ಲ ನಾನು ಮುಖ ಒಳಗೆ ಹಾಕಿ ನಿಲ್ಲುತ್ತಿದ್ದೆ. ಗುಲಾಬಿ. ಆದರೆ ಗುಲ್ಕಂದದ ಗುಲಾಬಿ ಅಲ್ಲ, ಮದುವೆ ಮನೆಯಲ್ಲಿ ಚಿಮುಕಿಸುವ ಪನ್ನೀರಿನದೂ ಅಲ್ಲ. ಬಿಸಿಲಿಗೆ ಸ್ವಲ್ಪ ಬಾಡಿದ, ಯಾರೋ ಮುಡಿದು ತೆಗೆದಿಟ್ಟಂಥ ಗುಲಾಬಿ.

ಹೋದ ವರ್ಷ ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೊರಟಾಗ ಅವಳು ಟ್ರಂಕಿನಿಂದ ಇಳಕಲ್ ಸೀರೆ ತೆಗೆದಳು. ನಾನು ಅಭ್ಯಾಸದಂತೆ ಮುಖ ಹಾಕಿದೆ. ಬರೀ ಡಾಂಬರು ಗುಳಿಗೆ ವಾಸನೆ.

“ಖಾಲಿ ಆಗಿ ಭಾಳ ವರ್ಷ ಆತವ್ವಾ. ಸುಮ್ನ ಇಟ್ಟೀನಿ” ಅಂದಳು.

ಆ ಸೀಸೆ ತಂದು ಮೊಬೈಲಿನಲ್ಲಿ ಫೋಟೋ ತೆಗೆದು ಮಗಳ ಕೈಲಿ ಹುಡುಕಿಸಿದೆ. ಕರಿ ಗಾಜು, ಕೆಂಪು ಬೂಚು, ಅಳಿಸಿಹೋದ ಬಂಗಾರದ ಅಕ್ಷರ. ಎರಡು ನಿಮಿಷದಲ್ಲಿ ಹೆಸರು ಸಿಕ್ಕಿತು: ಜಾಂ ಪಾಟೂ ಕಂಪನಿಯ ‘ಜಾಯ್’. ಆ ಎರಡು ನಿಮಿಷ ನೋಡಿ ಇನ್ನುಳಿದದ್ದೂ ಹಿಂಗೇ ಸಲೀಸು ಅಂದುಕೊಂಡೆ.

ಜಾಯ್ ಬಂದದ್ದು 1930ರಲ್ಲಿ. ಅಮೆರಿಕದ ಶೇರು ಮಾರುಕಟ್ಟೆ ಕುಸಿದ ಮರುವರ್ಷ. ಪ್ಯಾರಿಸಿನ ಬಟ್ಟೆ ವಿನ್ಯಾಸಗಾರ ಜಾಂ ಪಾಟೂಗೆ ಅಮೆರಿಕದ ಗಿರಾಕಿಗಳೇ ಜೀವಾಳ. ಅವರ ಕೈ ಬರಿದಾಗಿದ್ದ ಹೊತ್ತಿನಲ್ಲಿ ಈ ಪುಣ್ಯಾತ್ಮ ‘ಜಗತ್ತಿನ ಅತಿ ದುಬಾರಿ ಸೆಂಟು’ ಅಂತ ಜಾಹೀರಾತು ಕೊಟ್ಟು ಇದನ್ನು ಮಾರಿದ. ಸೆಂಟಿನ ಪಾಕ ಕೂಡಿಸಿದವನು ಆನ್ರಿ ಅಲ್ಮೆರಾಸ್. ಸುಮಾರು 30 ಮಿಲಿ ಸೆಂಟಿಗೆ 10,600 ಮಲ್ಲಿಗೆ ಹೂವು, 28 ಡಜನ್ ಗುಲಾಬಿ ಬೇಕು ಅಂತ ಕಂಪನಿ ಹೇಳಿಕೊಳ್ಳುತ್ತಿತ್ತು. ಆ ಮಲ್ಲಿಗೆ ನಮ್ಮ ದುಂಡುಮಲ್ಲಿಗೆ ಅಲ್ಲ, ಜಾಜಿಯ ಜಾತಿ. ದೊಡ್ಡವ್ವನಿಗೆ ಹೇಳಿದರೆ ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. “ಮೊಳಕ್ಕ ನೂರು ಹೂವು ಅಂದ್ರೂ 106 ಮೊಳ. ಗುಲಾಬಿ 336. ಇಷ್ಟಿದ್ರ ದರ್ಗಾದಾಗ ಚಾದರ ಹೊಚ್ಚಬಹುದಲ್ಲ!”

ಹೂವಿನ ಲೆಕ್ಕ ಬರೀ ಬುರುಡೆ ಇರಲಿಕ್ಕಿಲ್ಲ. ಒಂದು ಕಿಲೋ ಗುಲಾಬಿ ಎಣ್ಣೆಗೆ ಮೂರರಿಂದ ನಾಲ್ಕು ಸಾವಿರ ಕಿಲೋ ಹೂವು ಬೇಕು. ಅದೂ ಬಿಸಿಲು ಏರುವ ಮೊದಲು ಕಿತ್ತದ್ದು.

ಮೊದಲ ಎಡವಟ್ಟು ನನ್ನದೇ. ‘ಜಾಯ್’ ಅಂತ ಹುಡುಕಿದೆ, ಹೊಸ ಬಾಟಲಿ ಸಿಕ್ಕಿತು, 6,500 ರೂಪಾಯಿ ಕೊಟ್ಟು ತರಿಸಿದೆ. ಗುಲಾಬಿ ಬಣ್ಣದ ನೀರು, ಚೆಂದದ ಡಬ್ಬಿ. ಮೂಸಿದರೆ ಸಂಬಂಧವೇ ಇಲ್ಲ! ಆಮೇಲೆ ಓದಿ ತಿಳಿಯಿತು. 2018ರಲ್ಲಿ ಪಾಟೂ ಕಂಪನಿ ಫ್ರಾನ್ಸಿನ ಐಷಾರಾಮಿ ಸರಕಿನ ಎಲ್‌ವಿಎಂಎಚ್ ಸಮೂಹದ ಕೈಗೆ ಹೋಯಿತು. ಹಳೇ ಜಾಯ್ ನಿಂತಿತು. ಅದೇ ವರ್ಷ ಅದೇ ಸಮೂಹದ ಡಿಯೋರ್ ‘ಜಾಯ್’ ಹೆಸರಿನಲ್ಲಿ ಬೇರೆಯದೇ ಸೆಂಟು ಬಿಟ್ಟಿತು. ಅದು ಕೆಟ್ಟದ್ದೇನೂ ಅಲ್ಲ, ನನ್ನ ಮಗಳು ದಿನಾ ಹಾಕಿಕೊಂಡು ಕಾಲೇಜಿಗೆ ಹೋಗುತ್ತಾಳೆ. ತಪ್ಪು ನನ್ನದು, ಹೆಸರು ನೋಡಿದೆ, ಮನೆತನ ನೋಡಲಿಲ್ಲ. ಹಳೇ ಸೆಂಟು ಹುಡುಕುವವರು ಹೆಸರಿನ ಜೊತೆ ಕಂಪನಿ, ಇಸವಿ, ಬಾಟಲಿಯ ಆಕಾರ ಮೂರೂ ಬರೆದಿಟ್ಟುಕೊಂಡೇ ಮುಂದೆ ಹೋಗಿ.

ಎರಡನೇ ಪ್ರಯತ್ನ ಖ್ವಾಜಾ ಬಂದೇನವಾಜ್ ದರ್ಗಾದ ಹತ್ತಿರದ ಒಂದು ಅತ್ತರಿನ ಅಂಗಡಿ. ಖಾಲಿ ಸೀಸೆಯನ್ನೇ ಒಯ್ದಿದ್ದೆ. ವಯಸ್ಸಾದ ಅಂಗಡಿಯವರು ಬೂಚು ತೆಗೆದು ಕಣ್ಣು ಮುಚ್ಚಿ ಬಹಳ ಹೊತ್ತು ಮೂಸಿದರು. “ಗುಲಾಬ್ ಅದ, ಚಮೇಲಿ ಅದ. ತಳದಾಗ ಮತ್ತೊಂದು ಅದ ನೋಡ್ರಿ ಅಕ್ಕಾ, ಜಾನವರದ್ದು.” ನನಗೆ ನಗು ಬಂತು. ಆಮೇಲೆ ನೋಡಿದರೆ ಮಾತು ನಿಜ. ಹಳೇ ಜಾಯ್‌ನಲ್ಲಿ ಪುನುಗು ಇತ್ತು. ಅಷ್ಟು ಹೂವಿನ ಅಡಿಯಲ್ಲಿ ಒಂದಿಷ್ಟು ಕೊಳೆ. ಯಾರೋ ಮುಡಿದಂಥ ಗುಲಾಬಿ ಅಂದೆನಲ್ಲ, ಆ ‘ಯಾರೋ’ ಪುನುಗು ಬೆಕ್ಕು!

ಅವರು ಉತ್ತರ ಪ್ರದೇಶದ ಕನೌಜಿನ ಗುಲಾಬಿ ಅತ್ತರು, ಚಮೇಲಿ, ಗಂಧ ಸೇರಿಸಿ ಒಂದು ಸಣ್ಣ ಶೀಶಿ ಮಾಡಿಕೊಟ್ಟರು. 900 ರೂಪಾಯಿ. ತಾಮ್ರದ ಹಂಡೆಯಲ್ಲಿ ಹೂವು ಬೇಯಿಸಿ, ಅದರ ಹಬೆಯನ್ನು ಗಂಧದೆಣ್ಣೆಗೆ ಇಳಿಸಿ ಮಾಡುವ ಅತ್ತರದು. ಒಳ್ಳೇ ವಾಸನೆ, ದಿನವಿಡೀ ಕೈಯಲ್ಲಿತ್ತು. ಆದರೆ ಚರ್ಮ ಬಿಟ್ಟು ಏಳಲಿಲ್ಲ. ಅವರೇ ಹೇಳಿದ್ದರು: “ಇದು ಎಣ್ಣಿ, ಕೂತಲ್ಲೇ ಕೂಡತದ. ನಿಮ್ದು ಸ್ಪಿರಿಟ್ಟಿಂದು, ಎದ್ದು ಅಡ್ಡಾಡ್ತದ.” ಅತ್ತರಿಗೂ ಫ್ರೆಂಚ್ ಸೆಂಟಿಗೂ ಇರುವ ಫರಕು ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿಲ್ಲ.

ಬೇಸಿಗೆ ಬಂತು. ಆ ಎರಡು ತಿಂಗಳು ಬರೀ ಓದಿದೆ. ಇಂಥ ಹುಚ್ಚು ನನ್ನೊಬ್ಬಳಿಗೇ ಅಲ್ಲ ಅಂತ ಗೊತ್ತಾಗಿ ಸಮಾಧಾನ ಆಯ್ತು. ಜಪಾನಿನ ಶಿಸೈಡೋ ಕಂಪನಿಯವರ ‘ನೊಂಬ್ರ್ ನ್ವಾರ್’ ಅಂತ 1982ರದ್ದೊಂದು ಗುಲಾಬಿ ಸೆಂಟಿದೆ, ಅದೂ ನಿಂತು ಎಷ್ಟೋ ವರ್ಷವಾಗಿದೆ. ಅದರ ಒಂದೊಂದು ಹನಿಗೂ ಜನ ಬಡಿದಾಡುತ್ತಾರೆ. ಇಷ್ಟು ಆಸೆ ಇದ್ದರೆ ಅದನ್ನೇ ಮತ್ತೆ ಮಾಡಬಾರದಾ ಅಂತ ನನಗೂ ಅನ್ನಿಸಿತ್ತು. ಹಾಗೇ ಮಾಡುವುದು ಕಷ್ಟ. ಸುಗಂಧ ಉದ್ಯಮದ ಅಂತರರಾಷ್ಟ್ರೀಯ ಸಂಘ ಇಫ್ರಾ ಚರ್ಮಕ್ಕೆ, ಆರೋಗ್ಯಕ್ಕೆ ತೊಂದರೆ ಆಗಬಹುದಾದ ವಸ್ತುಗಳಿಗೆ ಮಿತಿ ಹಾಕುತ್ತಾ ಬಂದಿದೆ. ಗುಲಾಬಿ ಎಣ್ಣೆಯಲ್ಲಿ ತಾನಾಗೇ ಇರುವ ಮೀಥೈಲ್ ಯೂಜಿನಾಲ್‌ಗೂ ಮಿತಿ ಇದೆ. ಹಾಗಾಗಿ ಮೊದಲಿನಷ್ಟು ಧಾರಾಳವಾಗಿ ಅಸಲಿ ಗುಲಾಬಿ ಎಣ್ಣೆ ಸುರಿಯಲು ಆಗುವುದಿಲ್ಲ. ಕೆಲವು ಹಳೇ ಕಸ್ತೂರಿ ನಮೂನೆಯ ರಾಸಾಯನಿಕಗಳಂತೂ ಬಳಕೆಯಿಂದಲೇ ಹೋಗಿವೆ. ನನಗೆ ಇದರ ಬಗ್ಗೆ ಜಗಳ ಇಲ್ಲ. ಚರ್ಮ ಕೆಂಪಾಗಿ ಉರಿಯುವವರಿಗೆ ಆ ನಿಯಮ ಬೇಕು. ನೀವೂ ಹಳೇ ಸೆಂಟು ತಂದರೆ ಮೊದಲು ಮೊಣಕೈ ಒಳಗೆ ಒಂದು ಹನಿ ಹಚ್ಚಿ ಒಂದು ದಿನ ನೋಡಿ.

ಓದಿದ್ದರಲ್ಲಿ ಕೆಲಸಕ್ಕೆ ಬಂದದ್ದು ಡಬ್ಬಿಯ ವಯಸ್ಸು ಹೇಳುವ ಉಪಾಯ. ಅಲರ್ಜಿ ತರಬಹುದಾದ 26 ವಸ್ತುಗಳು ಮಿತಿಗಿಂತ ಜಾಸ್ತಿ ಇದ್ದರೆ ಡಬ್ಬಿಯ ಮೇಲೆ ಬರೆಯಲೇಬೇಕು ಅಂತ ಯುರೋಪಿನಲ್ಲಿ 2005ರಲ್ಲಿ ನಿಯಮ ಬಂತು. ಹಾಗಾಗಿ ಡಬ್ಬಿಯ ಅಡಿಯಲ್ಲಿ ಜೆರಾನಿಯೋಲ್, ಸಿಟ್ರೊನೆಲೋಲ್, ಲಿನಲೂಲ್ ಅಂತ ಉದ್ದ ಪಟ್ಟಿ ಇದ್ದರೆ ಅದು ಹೆಚ್ಚುಕಡಿಮೆ ಆಮೇಲಿನ ಮಾಲು. ಪಟ್ಟಿಯೇ ಇಲ್ಲದಿದ್ದರೆ ಹಳೇದು ಇರಬಹುದು. ತಮಾಷೆ ಅಂದರೆ ಜೆರಾನಿಯೋಲ್, ಸಿಟ್ರೊನೆಲೋಲ್ ಗುಲಾಬಿಯ ವಾಸನೆಯ ಮೂಲ ಸರಕೇ. ನನಗೆ ಬೇಕಾದದ್ದು ಎಂಬತ್ತರ ದಶಕದ್ದು. ಅಂದರೆ ಪಟ್ಟಿ ಇಲ್ಲದ ಡಬ್ಬಿ.

ಇಷ್ಟು ತಿಳಿದ ಮೇಲೂ ಮೋಸ ಹೋದೆ. ನಮ್ಮ ದೇಶದ್ದೇ ಒಬ್ಬ ಮಾರಾಟಗಾರ, ‘ಮುಕ್ಕಾಲು ತುಂಬಿದೆ’ ಅಂತ ಕರಿ ಸೀಸೆ ಹಾಕಿದ್ದ. 4,200 ರೂಪಾಯಿ. ಫೋಟೋ ಚೆಂದ ಇತ್ತು, ಕಳಿಸಿದೆ ದುಡ್ಡು. ಎಂಟನೇ ದಿನಕ್ಕೆ ಪಾರ್ಸೆಲ್ ಬಂತು. ಸೀಸೆ ಅಸಲಿ. ಒಳಗಿದ್ದದ್ದು ಇಂಜೆಕ್ಷನ್ ಕೊಡುವ ಮೊದಲು ಒರೆಸುವ ಸ್ಪಿರಿಟ್ಟಿನ ವಾಸನೆ ಹೊಡೆಯಿತು. ಕರಿ ಗಾಜಿನ ದೊಡ್ಡ ಸಮಸ್ಯೆ ಇದೇ ಕಣ್ರೀ. ಒಳಗೆ ಏನಿದೆ, ಎಷ್ಟಿದೆ, ಹೊರಗಿನಿಂದ ಕಾಣಿಸುವುದಿಲ್ಲ. ವಾಪಸ್ ಕೇಳಿದರೆ ‘ಪಾರ್ಸೆಲ್ ಬಿಚ್ಚುವಾಗಿನ ವಿಡಿಯೋ ಕಳಿಸಿ’ ಅಂದರು. ನಾನು ಅಡುಗೆಮನೆ ಕತ್ತರಿಯಿಂದ ಟೇಪು ಹರಿದು ಬಿಸಾಕಿ ಆಗಿತ್ತು. ಮೂರು ವಾರ ಮೆಸೇಜು ಹಾಕಿದೆ. ಆಮೇಲೆ ಉತ್ತರವೂ ನಿಂತಿತು. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಇದನ್ನು ಓದಿದಾಗಲೇ ನಮ್ಮವರಿಗೆ ಗೊತ್ತಾಗುವುದು.

ಅಲ್ಲಿಂದಾಚೆ ನಾನು ಹಾಕಿಕೊಂಡ ನಿಯಮ ಹೇಳಿಬಿಡುತ್ತೇನೆ. ಮಾರುವವರು ಸೀಸೆಯನ್ನು ಕಿವಿ ಹತ್ತಿರ ಅಲ್ಲಾಡಿಸಿ ಸದ್ದು ಕೇಳಿಸುವ ವಿಡಿಯೋ ಕಳಿಸಬೇಕು. ಬಂಗಾರ ತೂಗುವಂಥ ಸಣ್ಣ ತಕ್ಕಡಿ ಮೇಲೆ ಇಟ್ಟು ತೂಕ ತೋರಿಸಬೇಕು (ಖಾಲಿ ಸೀಸೆ ನಮ್ಮ ಮನೆಯಲ್ಲೇ ಇತ್ತಲ್ಲ, ಹೋಲಿಸಿ ನೋಡಿದೆ). ಕುತ್ತಿಗೆಗೆ ತೆಳ್ಳನೆಯ ಪೊರೆ ಹೊದಿಸಿ ದಾರ ಸುತ್ತಿ ಬಿಗಿದಿದ್ದರೆ ಅದರ ಹತ್ತಿರದ ಫೋಟೋ ಬೇಕು. ಹಳೇ ಫ್ರೆಂಚ್ ಸೆಂಟುಗಳಿಗೆ ಹೀಗೆ ಮುದ್ರೆ ಹಾಕುವ ಪದ್ಧತಿ ಇತ್ತು, ದಾರ ಮುಟ್ಟದೆ ಇದ್ದರೆ ಒಳಗಿನದನ್ನು ಯಾರೂ ಮುಟ್ಟಿರಲಿಕ್ಕಿಲ್ಲ. ಎಲ್ಲಕ್ಕಿಂತ ಮೊದಲು ಒಂದೆರಡು ಮಿಲಿ ಸ್ಯಾಂಪಲ್ ತರಿಸಿ ಮೂಸಿ. ನಾನು 1,100 ರೂಪಾಯಿಗೆ ಎರಡು ಮಿಲಿ ತರಿಸಿದೆ, ಇದನ್ನು ಜನವರಿಯಲ್ಲೇ ಮಾಡಿದ್ದರೆ ಹತ್ತು ಸಾವಿರ ಉಳಿಯುತ್ತಿತ್ತು.

ಸ್ಯಾಂಪಲ್ ಹಚ್ಚಿದ ಮೊದಲ ಐದು ನಿಮಿಷ ಎದೆ ಧಸಕ್ಕೆಂದಿತು. ಉಗುರು ಬಣ್ಣದ ವಾಸನೆ! ಮತ್ತೆ ಮೋಸ ಅಂದುಕೊಂಡು ಪಾತ್ರೆ ತೊಳೆಯಲು ಹೋದೆ. ಹತ್ತು ನಿಮಿಷಕ್ಕೆ ಕೈಯಿಂದ ಗುಲಾಬಿ ಎದ್ದಿತು. ಹಳೇ ಸೆಂಟಿನಲ್ಲಿ ಮೊದಲು ಹಾರುವ ಹಗುರ ವಾಸನೆಗಳೇ ಮೊದಲು ಕೆಡುತ್ತವೆ, ಕೆಳಗಿನದು ಗಟ್ಟಿಮುಟ್ಟಾಗಿ ಉಳಿದಿರುತ್ತದೆ. ಅರ್ಧ ಗಂಟೆ ಕಾಯದೆ ತೀರ್ಪು ಕೊಡಬೇಡಿ.

ಕೊನೆಗೆ ಸೀಸೆ ಸಿಕ್ಕಿದ್ದು ಜರ್ಮನಿಯಲ್ಲಿ. 15 ಮಿಲಿ, ದಾರ ಹರಿದಿತ್ತು, ಆದರೆ ತೂಕ ಸರಿ ಇತ್ತು. ನಮ್ಮ ಲೆಕ್ಕದಲ್ಲಿ 12,800 ರೂಪಾಯಿ. ಮಾರುವ ಹೆಂಗಸು ಭಾರತಕ್ಕೆ ಕಳಿಸುವುದಿಲ್ಲ ಅಂದಳು. ಸೆಂಟು ಅಂದರೆ ಬೆಂಕಿ ಹತ್ತುವ ಮಾಲು. ವಿಮಾನ ಸಾಗಣೆಯಲ್ಲಿ ಅದಕ್ಕೆ ಪೆಟ್ರೋಲಿನ ವರ್ಗವೇ, ಮೂರನೇ ವರ್ಗ. ಎಷ್ಟೋ ಕೊರಿಯರ್‌ನವರು ಮುಟ್ಟುವುದಿಲ್ಲ. ಮುಟ್ಟಿದರೂ ಇಲ್ಲಿ ಆಧಾರ್, ಪ್ಯಾನ್ ಅಂತ ಗುರುತಿನ ಕಾಗದ ಕೊಡಬೇಕು, ಕಸ್ಟಮ್ಸ್ ಸುಂಕ ಬೇರೆ. ಉಳಿದದ್ದು ಒಂದೇ ದಾರಿ, ಅಕ್ಕನ ಮಗ. ಅವನು ಅಲ್ಲೇ ಓದುತ್ತಾನೆ, ದೀಪಾವಳಿಗೆ ಬರುವವನಿದ್ದ. ಜುಲೈನಲ್ಲಿ ಸೀಸೆ ಅವನ ರೂಮಿಗೆ ಹೋಯಿತು, ನವೆಂಬರಿನವರೆಗೆ ನಾನು ಇಲ್ಲಿ ಕಾದೆ. “ಚಿಗವ್ವಾ, ನನ್ನ ಪರೀಕ್ಷಿದ್ದು ಕೇಳವಲ್ಲಿ, ಸೆಂಟಿಂದೇ ಕೇಳ್ತಿ” ಅಂತ ಅವನು ಒಂದು ಸಲ ಸಿಟ್ಟಾದ. ತಪ್ಪು ನನ್ನದೇ.

ತರುವವರಿಗೆ ಒಂದು ಮಾತು. 100 ಮಿಲಿ ಒಳಗಿನದು ಕೈಚೀಲದಲ್ಲಿ, ಪಾರದರ್ಶಕ ಚೀಲದೊಳಗೆ ಹಾಕಿ ತರಬಹುದು. ಆದರೆ ಹಳೇ ಬೂಚು ನಂಬಬೇಡಿ. ಅವನು ಕುತ್ತಿಗೆಗೆ ಅಡುಗೆಮನೆಯ ತೆಳು ಪ್ಲಾಸ್ಟಿಕ್ ಹಾಳೆ ಐದಾರು ಸುತ್ತು ಸುತ್ತಿ, ಕಾಲುಚೀಲದಲ್ಲಿ ಹಾಕಿ, ಊಟದ ಡಬ್ಬಿಯಲ್ಲಿ ನೆಟ್ಟಗೆ ನಿಲ್ಲಿಸಿ ತಂದ. ಹೈದರಾಬಾದಿನಲ್ಲಿ ಇಳಿದು ರೈಲಿನಲ್ಲಿ ಕಲಬುರಗಿಗೆ ಬಂದ. ಒಂದು ಹನಿ ಚೆಲ್ಲಿರಲಿಲ್ಲ.

ಚೆಲ್ಲದೆ ಇದ್ದದ್ದಕ್ಕೆ ಕಾರಣ ಆ ಸಂಜೆ ತಿಳಿಯಿತು. ಬೂಚು ಅಂಟಿಕೊಂಡಿತ್ತು.

ಗಾಜಿಗೆ ಗಾಜು ಉಜ್ಜಿ ಕೂರಿಸಿದ ಬೂಚು, ನಡುವೆ ಸೆಂಟಿನ ಅಂಟು ಒಣಗಿತ್ತು. ತಿರುಗಿಸಿದೆ, ಬರಲಿಲ್ಲ. ಬಿಸಿನೀರಿನ ಬಟ್ಟೆ ಸುತ್ತಿದೆ, ಬರಲಿಲ್ಲ. ನಮ್ಮವರು ಇಕ್ಕಳ ತಂದರು, ನಾನು ಕಸಿದುಕೊಂಡೆ. ಮರುದಿನ ಪರಿಚಯದ ಅಕ್ಕಸಾಲಿ ಹತ್ತಿರ ಒಯ್ದೆ. ಅವರು ನೋಡಿದವರೇ ಗ್ಯಾಸಿನ ಬತ್ತಿ ಹಚ್ಚಲು ಕೈ ಹಾಕಿದರು. ಒಳಗೆ ಸ್ಪಿರಿಟ್ಟಿದೆ ಅಂತ ನಾನು ಕೂಗಿದ್ದಕ್ಕೆ ಪಕ್ಕದ ಅಂಗಡಿಯವರು ಎದ್ದು ಬಂದರು. ಆಗ ಅವರು ನಕ್ಕು ಬತ್ತಿ ಬದಿಗಿಟ್ಟು, ಗಟ್ಟಿ ಹತ್ತಿ ದಾರ ತೆಗೆದು ಕುತ್ತಿಗೆಗೆ ಒಂದೇ ಸುತ್ತು ಹಾಕಿದರು. ಒಂದು ತುದಿ ಹುಡುಗನ ಕೈಗೆ, ಇನ್ನೊಂದು ತುದಿ ತಮ್ಮ ಕೈಗೆ. ನನಗೆ ಸೀಸೆ ಗಟ್ಟಿ ಹಿಡಿಯಲು ಹೇಳಿದರು. ಮಜ್ಜಿಗೆ ಕಡೆದಂತೆ ದಾರ ಆ ಕಡೆ ಈ ಕಡೆ ಎಳೆದರು. ಉಜ್ಜಿ ಉಜ್ಜಿ ಕುತ್ತಿಗೆ ಬಿಸಿಯಾಗಿ ಹಿಗ್ಗುತ್ತದೆ, ಬೂಚು ತಣ್ಣಗೇ ಇರುತ್ತದೆ. ಒಂದು ನಿಮಿಷ ಆಗಿರಬೇಕು. ‘ಟಿಕ್’ ಅಂದಿತು. ಬಂಗಾರದ ಪುಡಿ, ಆಮ್ಲ, ಬೀಡಿ ಹೊಗೆ ಎಲ್ಲಾ ತುಂಬಿದ ಆ ಸಣ್ಣ ಅಂಗಡಿಯಲ್ಲಿ ಗುಲಾಬಿ ಬಂತು. ಹುಡುಗ ದಾರ ಕೈಯಲ್ಲೇ ಹಿಡಿದು ಬಾಗಿಲ ಕಡೆ ನೋಡಿದ, ಯಾರೋ ಒಳಗೆ ಬಂದರೇನೋ ಅನ್ನುವಂತೆ. ದುಡ್ಡು ಕೊಟ್ಟರೆ ಅವರು ತಗೊಳ್ಳಲಿಲ್ಲ, ಕರವಸ್ತ್ರಕ್ಕೆ ಒಂದು ಹನಿ ಹಾಕಿಸಿಕೊಂಡರು.

ಅಲ್ಲಿಂದ ನೇರ ದೊಡ್ಡವ್ವನ ಹತ್ತಿರ ಹೋದೆ. ಬೂಚಿನ ತುದಿಯನ್ನು ಮಣಿಕಟ್ಟಿಗೆ ಮುಟ್ಟಿಸಿದೆ. ಅವಳು ಮೂಸಲಿಲ್ಲ, ಕೈ ತೊಡೆ ಮೇಲೆ ಇಟ್ಟುಕೊಂಡು ಸುಮ್ಮನೆ ಕೂತಳು. ಸ್ವಲ್ಪ ಹೊತ್ತಿಗೆ “ಹೌದು, ಇದೇ” ಅಂದಳು. ಆ ಮುದುಕಿಯ ಮನೆಯ ಎ.ಸಿ., ದಪ್ಪ ಪರದೆ, ರಾತ್ರಿ ಪಾಳಿ ಅಂತ ಏನೇನೋ ಹೇಳಿದಳು. ನಾನು ಎಂದೂ ಕೇಳದ ಮಾತುಗಳು.

ನನಗೆ ಮಾತ್ರ ಅಳು ಬಂತು. ಯಾಕೆಂದರೆ ನನ್ನ ಮೂಗಿಗೆ ಇದು ಅದಲ್ಲ. ಹತ್ತಿರ ಇದೆ, ಅದರ ಅಕ್ಕ ತಂಗಿ ಇದ್ದ ಹಾಗೆ. ಇಷ್ಟು ದುಡ್ಡು, ಇಷ್ಟು ತಿಂಗಳು ಹಾಕಿ ಅವಳ ಸೆಂಟು ತಂದೆ, ನನ್ನದು ಬರಲಿಲ್ಲ. ಹೇಳಬಾರದು ಅಂದುಕೊಂಡರೂ ಬಾಯಿ ತಪ್ಪಿ ಹೇಳಿದೆ. ಅವಳು ನಕ್ಕುಬಿಟ್ಟಳು.

“ಹುಚ್ಚಿ, ನೀ ನನ್ನ ಸೆಂಟು ಯಾವಾಗ ಮೂಸಿದ್ದಿ? ನೀ ಮೂಸಿದ್ದು ಟ್ರಂಕು.”

ಒಂದು ಹಳೇ ಹತ್ತಿ ಸೆರಗಿನ ತುಂಡು ತಂದು ಅದಕ್ಕೆ ನಾಲ್ಕು ಹನಿ ಹಾಕಿದಳು. ನೇರ ರೇಷ್ಮೆಗೆ ಹಾಕಬೇಡಿ, ಕಲೆ ಕೂಡುತ್ತದೆ. ತುಂಡನ್ನು ಇಳಕಲ್ ಸೀರೆಯ ಮಡಿಕೆಯಲ್ಲಿಟ್ಟು, ಮೂಲೆಗೆ ಎರಡು ಡಾಂಬರು ಗುಳಿಗೆ ಹಾಕಿ, ಟ್ರಂಕು ಮುಚ್ಚಿ ಬೀಗ ಹಾಕಿದಳು. “ಎಳ್ಳ ಅಮಾಸಿಗಿ ಬಾ.”

ಸೀಸೆ ಸದ್ಯ ನಮ್ಮ ಫ್ರಿಜ್ಜಿನಲ್ಲಿದೆ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯೊಳಗೆ. ಬಿಸಿಲು, ಬೆಳಕು, ಗಾಳಿ ಮೂರೂ ಸೆಂಟಿಗೆ ವೈರಿ. ನಮ್ಮೂರಿನ ಮೇ ತಿಂಗಳ 42 ಡಿಗ್ರಿಯಲ್ಲಿ ಕಬ್ಬಿಣದ ಕಪಾಟಿನಲ್ಲಿಟ್ಟರೆ ಒಂದೇ ಬೇಸಿಗೆ ಸಾಕು ಕೆಡಲು. ಫ್ರಾನ್ಸಿನ ವರ್ಸೈನಲ್ಲಿ ‘ಓಸ್ಮೊಟೆಕ್’ ಅಂತ ಹಳೇ ಸೆಂಟುಗಳ ಭಂಡಾರ 1990ರಿಂದ ಇದೆ. ಪಾಟೂ ಕಂಪನಿಯಲ್ಲೇ ಸೆಂಟು ಕೂಡಿಸುತ್ತಿದ್ದ ಜಾಂ ಕೆರ್ಲೆಯೋ ಅದನ್ನು ಕಟ್ಟಿದವರಲ್ಲಿ ಮುಖ್ಯರು. ಅಲ್ಲಿ 12 ಡಿಗ್ರಿ ತಂಪಿನಲ್ಲಿ, ಬಾಟಲಿಯೊಳಗೆ ಆರ್ಗಾನ್ ಅನಿಲ ತುಂಬಿ ಇಡುತ್ತಾರೆ. ನಮ್ಮಲ್ಲಿ ಮೊಸರಿನ ಪಕ್ಕ.

ಮೊನ್ನೆ ಆಳಂದ ರಸ್ತೆಯ ಹೊಲದಲ್ಲಿ ಎಲ್ಲರೂ ಸೇರಿದ್ದೆವು. ಜೋಳ ಎದೆಮಟ್ಟ ಬಂದಿತ್ತು. ಬುಟ್ಟಿಯಲ್ಲಿ ಸಜ್ಜಿ ರೊಟ್ಟಿ, ಕಡುಬು, ಭಜ್ಜಿ, ಗಡಿಗೆಯಲ್ಲಿ ಅಂಬಲಿ. ದೊಡ್ಡವ್ವ ಇಳಕಲ್ ಸೀರೆ ಉಟ್ಟು ಬಂಡಿಯಿಂದ ಇಳಿದಳು. ನಾನು ಕೈ ಕೊಡಲು ಹೋದೆ. ಸೆರಗು ಮುಖಕ್ಕೆ ಬಡಿಯಿತು. ಡಾಂಬರು ಗುಳಿಗೆ, ಕಬ್ಬಿಣ, ಹಳೇ ಝರಿ, ಅವುಗಳ ಹಿಂದಿನಿಂದ ಆ ಬಾಡಿದ ಗುಲಾಬಿ. ನಾನು ಅಲ್ಲೇ ನಿಂತೆ.

“ಬಂತಾ?” ಅಂದಳು.

“ಬಂತು.”

“ಹಂಗಾರ ಆ ಬುಟ್ಟಿ ಹಿಡಿ, ಚರಗ ಚೆಲ್ಲಬೇಕು” ಅನ್ನುತ್ತಾ ಜೋಳದ ಸಾಲಿನೊಳಗೆ ಹೋದಳು.